ಉತ್ತರ ಹೇಳಿದ ಮೇಲೆ



ದಿನಕ್ಕೊಂದು ರಸಪ್ರಶ್ನೆ ಬಿಡಿಸುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗೆ ಇದೆ. ಪತ್ರಿಕೆಯ ಒಳಪುಟದಲ್ಲಿ ಪ್ರಶ್ನೆ ಬರುತ್ತದೆ. ಶಾಲೆಯ ಕರಿಹಲಗೆಯ ಮೂಲೆಯಲ್ಲಿ ಬರೆದಿರುತ್ತಾರೆ. ಈಗ ಫೋನಿನಲ್ಲೂ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣ ತರುಣಿಯರಿಗಂತೂ ಅದು ಬೆಳಗಿನ ಮೊದಲ ಕೆಲಸ. ಒಳ್ಳೆಯ ಅಭ್ಯಾಸ ಅದು. ದೂರದ ಹೆಸರುಗಳು ಕಿವಿಗೆ ಬೀಳುತ್ತವೆ. ತಿಳಿಯುವ ಆಸೆ ಮೂಡುತ್ತದೆ. ಆ ಆಸೆಯ ಬಗ್ಗೆಯೇ ಇಂದು ಮಾತಾಡಬೇಕೆಂದಿದ್ದೇನೆ.

ನಾನು ಆರಿಸಿಕೊಂಡಿರುವುದು ಒಂದೇ ಪ್ರಶ್ನೆ. ಜಗತ್ತಿನ ಚರಿತ್ರೆಯದು, ಒಬ್ಬ ಕ್ರಾಂತಿಕಾರಿ ನಾಯಕನದು. ಗಮನವಿಟ್ಟು ಕೇಳಿ.

ಸಾಂ ದೊಮಾಂಗ್ ಎಂಬ ಫ್ರೆಂಚ್ ವಸಾಹತಿನಲ್ಲಿ ಗುಲಾಮರ ಕ್ರಾಂತಿಯನ್ನು ಮುನ್ನಡೆಸಿದ ನಾಯಕ ಯಾರು? ನಾಲ್ಕು ಆಯ್ಕೆಗಳು. ಒಂದು, ಸಿಮೋನ್ ಬೊಲಿವಾರ್. ಎರಡು, ಸಾನ್ ಮಾರ್ಟಿನ್. ಮೂರು, ತೂಸಾಂ ಲೂವರ್ತ್ಯೂರ್. ನಾಲ್ಕು, ಗ್ಯಾರಿಬಾಲ್ಡಿ.

ಉತ್ತರ ಮೂರನೆಯದು. ತೂಸಾಂ ಲೂವರ್ತ್ಯೂರ್. ಸರಿಯಾಗಿ ಹೇಳಿದವರಿಗೆ ಅಭಿನಂದನೆ.

ಸಾಮಾನ್ಯವಾಗಿ ಇಲ್ಲಿಗೆ ಒಂದು ಅಂಕ ಸಿಗುತ್ತದೆ, ಮುಂದಿನ ಪ್ರಶ್ನೆ ಬರುತ್ತದೆ. ನಾವು ಮುಂದಕ್ಕೆ ಹೋಗುವುದು ಬೇಡ. ಇಲ್ಲೇ ನಿಲ್ಲೋಣ. ಸರಿಯುತ್ತರ ಸಿಕ್ಕಲ್ಲಿಂದಲೇ ಚರಿತ್ರೆಯ ಕಲಿಕೆ ಶುರುವಾಗುತ್ತದೆ. ನನ್ನ ಇಂದಿನ ಮಾತಿನ ಸಾರ ಇಷ್ಟೇ. ಸಿಕ್ಕ ಉತ್ತರಕ್ಕೆ ನಾವು ಮತ್ತೆ ಐದು ಪ್ರಶ್ನೆ ಹಾಕಬೇಕು. ಎಲ್ಲಿ? ಏಕೆ? ಯಾರ ಜೊತೆ? ಮುಂದೇನಾಯಿತು? ಕೊನೆಗೆ ಬೆಲೆ ತೆತ್ತವರು ಯಾರು? ಒಂದೊಂದಾಗಿ ಕೇಳುತ್ತಾ ಹೋಗೋಣ.

ಮೊದಲ ಪ್ರಶ್ನೆ, ಎಲ್ಲಿ?

ಭೂಪಟವನ್ನು ಮನಸ್ಸಿಗೆ ತಂದುಕೊಳ್ಳಿ. ಮೇಲೆ ಉತ್ತರ ಅಮೆರಿಕ, ಕೆಳಗೆ ದಕ್ಷಿಣ ಅಮೆರಿಕ. ಎರಡರ ನಡುವೆ ಕೆರಿಬಿಯನ್ ಸಮುದ್ರ. ಅಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ದ್ವೀಪ ಕ್ಯೂಬಾ. ಅದರ ಪೂರ್ವಕ್ಕೆ ಇನ್ನೊಂದು ದೊಡ್ಡ ದ್ವೀಪ. ಹೆಸರು ಹಿಸ್ಪಾನಿಯೋಲ. 1492ರ ಡಿಸೆಂಬರ್‌ನಲ್ಲಿ ಕೊಲಂಬಸ್ ಇಲ್ಲಿಗೆ ಬಂದ. ಆಗ ಅಲ್ಲಿ ಟೈನೋ ಎಂಬ ಮೂಲನಿವಾಸಿಗಳಿದ್ದರು. ಸ್ಪೇನಿನವರು ಹೇರಿದ ದುಡಿತ, ಅವರು ತಂದ ಸಿಡುಬು, ಅವರ ಕತ್ತಿ, ಈ ಮೂರೂ ಸೇರಿ ಕೆಲವೇ ದಶಕಗಳಲ್ಲಿ ಆ ಜನರನ್ನು ಬಹುತೇಕ ಅಳಿಸಿಹಾಕಿದವು.

ಎರಡು ಶತಮಾನ ಕಳೆದ ಮೇಲೆ, 1697ರಲ್ಲಿ, ದ್ವೀಪದ ಪಶ್ಚಿಮ ಭಾಗ ಫ್ರಾನ್ಸಿಗೆ ಸೇರಿತು. ಒಟ್ಟು ದ್ವೀಪದ ಮೂರರಲ್ಲೊಂದು ಪಾಲು. ನಮ್ಮ ಕರ್ನಾಟಕದ ಜೊತೆ ಹೋಲಿಸಿದರೆ ಏಳರಲ್ಲೊಂದು ಪಾಲಿನಷ್ಟು ನೆಲ. ಅದನ್ನೇ ಫ್ರೆಂಚರು ಸಾಂ ದೊಮಾಂಗ್ ಎಂದು ಕರೆದರು. ಇಂದಿನ ಹೈಟಿ ದೇಶ ಅದೇ.

ನೆಲ ಚಿಕ್ಕದು. ಅದರಿಂದ ಹುಟ್ಟುತ್ತಿದ್ದ ಸಂಪತ್ತು ಮಾತ್ರ ಅಪಾರ. 1789ರ ಹೊತ್ತಿಗೆ ಯುರೋಪು ತಿನ್ನುತ್ತಿದ್ದ ಸಕ್ಕರೆಯಲ್ಲಿ ನೂರಕ್ಕೆ ಸುಮಾರು 40 ಪಾಲು ಇಲ್ಲಿಂದ ಹೋಗುತ್ತಿತ್ತು. ಜಗತ್ತಿನ ಮಾರುಕಟ್ಟೆಯ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಯದೇ. ನೀಲಿ ಬೆಳೆಯುತ್ತಿತ್ತು, ಹತ್ತಿ ಬೆಳೆಯುತ್ತಿತ್ತು. ನಾಂತ್, ಬೋರ್ಡೊದಂಥ ಫ್ರೆಂಚ್ ಬಂದರುಗಳ ಮಹಲುಗಳು ಎದ್ದು ನಿಂತದ್ದು ಇಂಥ ದ್ವೀಪಗಳ ದುಡ್ಡಿನಿಂದ.

ಎಲ್ಲಿ ಎಂಬುದು ತಿಳಿಯಿತು. ಕೆರಿಬಿಯನ್ ಸಮುದ್ರದ ಒಂದು ದ್ವೀಪದ ಮೂರನೆಯ ಒಂದು ಭಾಗ. ಕಾಲ, 18ನೆಯ ಶತಮಾನದ ಕೊನೆ. ಬೆಳೆ, ಸಕ್ಕರೆ ಮತ್ತು ಕಾಫಿ. ಈಗ ಎರಡನೆಯ ಪ್ರಶ್ನೆ. ಏಕೆ? ಕ್ರಾಂತಿ ಏಕೆ ಆಯಿತು?

ಕಬ್ಬು ಬೆಳೆಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ತಡವಾದರೆ ರಸ ಹುಳಿಯುತ್ತದೆ. ಕಡಿದೊಡನೆ ಗಾಣಕ್ಕೆ ಹಾಕಬೇಕು. ಹಿಂಡಿದೊಡನೆ ಕೊಪ್ಪರಿಗೆಯಲ್ಲಿ ಕುದಿಸಬೇಕು. ಸುಗ್ಗಿಯ ಕಾಲದಲ್ಲಿ ಸಾಂ ದೊಮಾಂಗಿನ ಗಾಣಗಳು ಹಗಲೂ ರಾತ್ರಿ ತಿರುಗುತ್ತಿದ್ದವು. ಹಗಲೆಲ್ಲ ಗದ್ದೆಯಲ್ಲಿ ಕಡಿದವರೇ ರಾತ್ರಿ ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ನಿದ್ದೆಗಣ್ಣಿನಲ್ಲಿ ಕೈ ಉರುಳೆಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕಾಗಿ ಗಾಣದ ಪಕ್ಕದಲ್ಲಿ ಒಂದು ಮಚ್ಚು ಇರುತ್ತಿತ್ತು. ಸಿಕ್ಕಿಕೊಂಡ ತೋಳನ್ನು ಕಡಿದುಹಾಕಲು. ಗಾಣ ನಿಲ್ಲಬಾರದಲ್ಲ.

ಹೀಗೆ ದುಡಿಯುತ್ತಿದ್ದವರು ಯಾರು? ಆಫ್ರಿಕಾದಿಂದ ಹಿಡಿದು ತಂದ ಜನ, ಮತ್ತು ಅವರ ಮಕ್ಕಳು. 1789ರಲ್ಲಿ ಅವರ ಸಂಖ್ಯೆ ಸುಮಾರು 5 ಲಕ್ಷ. ಬಿಳಿಯರು 30ರಿಂದ 40 ಸಾವಿರ. ಕಪ್ಪು ಮತ್ತು ಮಿಶ್ರ ವರ್ಣದ ಸ್ವತಂತ್ರರು ಸುಮಾರು 30 ಸಾವಿರ. ಈ ಸ್ವತಂತ್ರರಲ್ಲಿ ಕೆಲವರಿಗೆ ತೋಟಗಳಿದ್ದವು, ಗುಲಾಮರೂ ಇದ್ದರು. ಆದರೆ ಬಿಳಿಯರಿಗಿದ್ದ ಹಕ್ಕುಗಳು ಅವರಿಗಿರಲಿಲ್ಲ.

ಆ 5 ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿದವರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಗುಲಾಮರು ಬೇಗ ಸಾಯುತ್ತಿದ್ದರು. ಹುಟ್ಟುವವರಿಗಿಂತ ಸಾಯುವವರು ಹೆಚ್ಚು. ಅದಕ್ಕೆ ಪ್ರತಿವರ್ಷ ಹಡಗುಗಳು ಹೊಸಬರನ್ನು ತರಬೇಕಿತ್ತು. ಜನರನ್ನು ಉಳಿಸಿಕೊಳ್ಳುವುದಕ್ಕಿಂತ ಹೊಸಬರನ್ನು ಕೊಳ್ಳುವುದು ಮಾಲೀಕರಿಗೆ ಅಗ್ಗವಾಗಿ ಕಂಡಿತು.

ಹಾಗೆ ಕೊಳ್ಳಲು ಏನು ಕೊಡುತ್ತಿದ್ದರು? ಇಲ್ಲಿ ನಮ್ಮ ನೆಲವೂ ಬರುತ್ತದೆ. ಪಶ್ಚಿಮ ಆಫ್ರಿಕಾದ ತೀರದಲ್ಲಿ ಮನುಷ್ಯರನ್ನು ಕೊಳ್ಳಲು ಯುರೋಪಿನ ವರ್ತಕರು ಒಯ್ದ ಸರಕುಗಳಲ್ಲಿ ಭಾರತದ ಹತ್ತಿಬಟ್ಟೆಗೆ ದೊಡ್ಡ ಸ್ಥಾನವಿತ್ತು. ಕೋರಮಂಡಲ ಕರಾವಳಿಯ ನೇಕಾರರು ನೇಯ್ದ ನೀಲಿ ಬಟ್ಟೆ ಪುದುಚೇರಿಯಿಂದ ಫ್ರಾನ್ಸಿಗೆ ಹೋಗಿ, ಅಲ್ಲಿಂದ ಆಫ್ರಿಕಾ ಸೇರುತ್ತಿತ್ತು. ಮಾಲ್ಡೀವ್ಸಿನ ಕವಡೆ ಅಲ್ಲಿ ನಾಣ್ಯವಾಗಿ ಚಲಾವಣೆಯಾಗುತ್ತಿತ್ತು. ತಾನು ನೇಯ್ದ ಬಟ್ಟೆ ಮನುಷ್ಯನ ಬೆಲೆಯಾಗುತ್ತದೆಂದು ನಮ್ಮ ನೇಕಾರನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೂ ನೂಲಿನ ಎಳೆ ಅಲ್ಲಿಯವರೆಗೆ ಹೋಗಿತ್ತು. ಏಕೆ ಎಂಬ ಒಂದು ಪ್ರಶ್ನೆ ಕೇಳಿದರೆ ಮೂರು ಖಂಡಗಳ ಲೆಕ್ಕ ತೆರೆದುಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇತ್ತು. 1789ರಲ್ಲಿ ಪ್ಯಾರಿಸಿನಲ್ಲಿ ಮಹಾಕ್ರಾಂತಿ ನಡೆಯಿತು. ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬ ಘೋಷಣೆ ಹೊರಟಿತು. ಆ ಸುದ್ದಿ ಹಡಗೇರಿ ದ್ವೀಪಕ್ಕೂ ಬಂತು. ಬಿಳಿಯ ಮಾಲೀಕರು ಅದು ತಮಗೆ ಮಾತ್ರ ಎಂದುಕೊಂಡರು. ಮಿಶ್ರ ವರ್ಣದ ವಿನ್ಸೆಂಟ್ ಓಜೆ ಎಂಬಾತ ತನ್ನವರಿಗೂ ಮತದಾನದ ಹಕ್ಕು ಬೇಕೆಂದು ದಂಗೆಯೆದ್ದ. 1791ರ ಆರಂಭದಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಊಟ ಬಡಿಸುತ್ತಾ, ಕುದುರೆ ಹಿಡಿದು ನಿಲ್ಲುತ್ತಾ ಗುಲಾಮರು ಇದನ್ನೆಲ್ಲ ನೋಡುತ್ತಿದ್ದರು, ಕೇಳಿಸಿಕೊಳ್ಳುತ್ತಿದ್ದರು.

ಇಲ್ಲಿಯವರೆಗೆ ಎರಡು ಪ್ರಶ್ನೆಗಳಾದವು. ಎಲ್ಲಿ ಎಂದು ಕೇಳಿದೆವು. ಏಕೆ ಎಂದು ಕೇಳಿದೆವು. ಸಕ್ಕರೆಯ ದುಡಿತ ಒಂದು ಕಾರಣ. ಸಮಾನತೆಯ ಮಾತು ಇನ್ನೊಂದು ಕಾರಣ. ಮೂರನೆಯ ಪ್ರಶ್ನೆಗೆ ಬರೋಣ. ತೂಸಾಂ ಯಾರ ಜೊತೆ ಇದ್ದ? ಅವನ ಜೊತೆ ಯಾರು ಯಾರು ಇದ್ದರು?

ದಿನದ ರಸಪ್ರಶ್ನೆ ನಮ್ಮನ್ನು ಹೆಚ್ಚು ತಪ್ಪುದಾರಿಗೆ ಎಳೆಯುವುದು ಈ ಜಾಗದಲ್ಲಿ. ಕ್ರಾಂತಿ ಯಾರದು ಎಂದರೆ ಒಂದು ಹೆಸರು ಹೇಳಿ ಮುಗಿಸುತ್ತೇವೆ. ಆದರೆ ಈ ಕ್ರಾಂತಿ ಶುರುವಾದಾಗ ತೂಸಾಂ ಮುಂಚೂಣಿಯಲ್ಲಿ ಇರಲಿಲ್ಲ. 1791ರ ಆಗಸ್ಟ್ ತಿಂಗಳಲ್ಲಿ ಉತ್ತರದ ಬಯಲಿನ ತೋಟಗಳ ಮುಖಂಡರು ಬುವಾ ಕೈಮಾನ್ ಎಂಬ ಕಾಡಿನಲ್ಲಿ ರಾತ್ರಿ ಸೇರಿದರು. ಅವರಲ್ಲಿ ಮುಖ್ಯನಾದವನು ಬುಕ್‌ಮನ್. ಆಗಸ್ಟ್ 22 ಕಳೆದು 23 ಬರುವ ರಾತ್ರಿ ದಂಗೆ ಹತ್ತಿಕೊಂಡಿತು. ಕಬ್ಬಿನ ಗದ್ದೆಗಳಿಗೆ ಬೆಂಕಿ ಬಿತ್ತು. ಕೆಲವೇ ವಾರಗಳಲ್ಲಿ ನೂರಾರು ತೋಟಗಳು ಬೂದಿಯಾದವು. ಅದೇ ನವೆಂಬರ್‌ನಲ್ಲಿ ಬುಕ್‌ಮನ್ ಹತನಾದ. ದಂಗೆ ನಿಲ್ಲಲಿಲ್ಲ.

ಆಗ ತೂಸಾಂಗೆ ಹತ್ತಿರ ಹತ್ತಿರ 50 ವರ್ಷ. ಅವನು ಹುಟ್ಟಿದ್ದು 1743ರ ಸುಮಾರಿಗೆ, ಬ್ರೆಡಾ ಎಂಬ ತೋಟದಲ್ಲಿ, ಗುಲಾಮನಾಗಿ. ದನಕುದುರೆಗಳನ್ನು ನೋಡಿಕೊಂಡ. ಗಾಡಿ ಹೊಡೆದ. ಗಿಡಮೂಲಿಕೆಯ ಔಷಧ ಕಲಿತ. ಓದುಬರಹ ಕಲಿತ. 1776ರ ಹೊತ್ತಿಗಾಗಲೇ ಅವನು ಬಿಡುಗಡೆ ಪಡೆದಿದ್ದ. ಒಂದು ಸಣ್ಣ ಕಾಫಿ ತೋಟವನ್ನು ಗುತ್ತಿಗೆಗೆ ಹಿಡಿದು ಅಲ್ಲಿ ತಾನೂ ಗುಲಾಮರಿಂದ ದುಡಿಸಿಕೊಂಡಿದ್ದ. ಈ ಸಂಗತಿ ರಸಪ್ರಶ್ನೆಯ ಪುಸ್ತಕಗಳಲ್ಲಿ ಬರುವುದಿಲ್ಲ. ಬರಬೇಕು. ಇದು ತಿಳಿದರೆ ಅವನ ಮೇಲಿನ ಗೌರವ ಕಡಿಮೆಯಾಗುವುದಿಲ್ಲ. ತನ್ನ ಕಾಲದ ವ್ಯವಸ್ಥೆಯ ಒಳಗೇ ಬೆಳೆದ ಮನುಷ್ಯ ಅದನ್ನು ಮುರಿಯಲು ಎಷ್ಟು ದೂರ ನಡೆದ ಎಂಬುದು ಗೊತ್ತಾಗುತ್ತದೆ.

ದಂಗೆ ಎದ್ದ ಕೆಲವು ವಾರಗಳ ಮೇಲೆ ಅವನು ಬಂದು ಸೇರಿಕೊಂಡ. ಮೊದಲು ಗಾಯಗೊಂಡವರಿಗೆ ಮದ್ದು ಮಾಡಿದ. ಆಮೇಲೆ ದಳಪತಿಯಾದ. ಚದುರಿದ ಜನರನ್ನು ಕವಾಯತು ಕಲಿತ ಸೈನ್ಯ ಮಾಡಿದ. 1793ರಲ್ಲಿ ಫ್ರಾನ್ಸಿಗೂ ಸ್ಪೇನ್, ಬ್ರಿಟನ್‌ಗಳಿಗೂ ಯುದ್ಧ ಶುರುವಾಯಿತು. ತೂಸಾಂ ಸ್ಪೇನಿನ ಪಕ್ಷ ಸೇರಿದ. ಅದೇ ವರ್ಷ ಫ್ರಾನ್ಸಿನ ಪ್ರತಿನಿಧಿ ಸೊಂತೊನಾ ದ್ವೀಪದ ಉತ್ತರದಲ್ಲಿ ಗುಲಾಮಗಿರಿ ರದ್ದು ಎಂದು ಸಾರಿದ. ದಂಗೆಯೆದ್ದವರನ್ನು ತನ್ನ ಕಡೆ ಒಲಿಸಿಕೊಳ್ಳದೆ ಅವನಿಗೆ ಬೇರೆ ದಾರಿ ಉಳಿದಿರಲಿಲ್ಲ. 1794ರ ಫೆಬ್ರವರಿ 4ರಂದು ಪ್ಯಾರಿಸಿನ ರಾಷ್ಟ್ರೀಯ ಸಭೆ ಎಲ್ಲ ಫ್ರೆಂಚ್ ವಸಾಹತುಗಳಲ್ಲೂ ಗುಲಾಮಗಿರಿಯನ್ನು ರದ್ದು ಮಾಡಿತು. ಆ ಸಭೆಯಲ್ಲಿ ಸಾಂ ದೊಮಾಂಗಿನ ಪ್ರತಿನಿಧಿಯಾಗಿ ಕೂತಿದ್ದವರಲ್ಲಿ ಜಾನ್ ಬಾಪ್ಟಿಸ್ಟ್ ಬೆಲ್ಲೆ ಎಂಬಾತನೂ ಇದ್ದ. ಆಫ್ರಿಕಾದಲ್ಲಿ ಹುಟ್ಟಿ ಗುಲಾಮನಾಗಿ ಬಂದು ಬಿಡುಗಡೆಯಾದವನು ಅವನು. ಅದೇ ವರ್ಷ ತೂಸಾಂ ಸ್ಪೇನನ್ನು ಬಿಟ್ಟು ಫ್ರಾನ್ಸಿನ ಕಡೆ ಬಂದ.

ಗಮನಿಸಿ. ಪ್ಯಾರಿಸಿನ ಕಾನೂನು ಬಂದದ್ದು ದಂಗೆ ಎದ್ದು ಎರಡೂವರೆ ವರ್ಷಗಳಾದ ಮೇಲೆ. ಗುಲಾಮರು ಮೊದಲು ಎದ್ದರು, ಕಾನೂನು ಅವರ ಹಿಂದೆ ಬಂತು. ಬಿಡುಗಡೆ ಯಾರೋ ಕರುಣೆಯಿಂದ ಕೊಟ್ಟ ಭಿಕ್ಷೆಯಾಗಿರಲಿಲ್ಲ. ತೂಸಾಂನ ಜೊತೆ ದೆಸಾಲಿನ್ ಇದ್ದ, ಕ್ರಿಸ್ತೋಫ್ ಇದ್ದ, ಮೊಯೀಸ್ ಇದ್ದ. ಸಾನಿತೆ ಬೆಲೇರ್ ಎಂಬ ಹೆಣ್ಣುಮಗಳು ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದಳು. 1802ರಲ್ಲಿ ಗಂಡನ ಜೊತೆ ಅವಳನ್ನೂ ಫ್ರೆಂಚರು ಕೊಂದರು. ಇವರೆಲ್ಲರ ಹಿಂದೆ ಹೆಸರು ಉಳಿಯದ 5 ಲಕ್ಷ ಜನ. ಯಾರು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇವರು.

ಮತ್ತೊಮ್ಮೆ ನೆನಪು ಮಾಡಿಕೊಳ್ಳೋಣ. ಎಲ್ಲಿ ಎಂಬುದಾಯಿತು. ಏಕೆ ಎಂಬುದಾಯಿತು. ಯಾರ ಜೊತೆ ಎಂಬುದೂ ಆಯಿತು. ಒಬ್ಬ ಸಮರ್ಥ ನಾಯಕ, ಅವನಿಗಿಂತ ಮುಂಚೆಯೇ ಎದ್ದು ನಿಂತ ಜನ. ನಾಲ್ಕನೆಯ ಪ್ರಶ್ನೆ, ಮುಂದೇನಾಯಿತು?

ಫ್ರಾನ್ಸಿನ ವಿರುದ್ಧದ ಆ ಯುದ್ಧದಲ್ಲಿ ದ್ವೀಪಕ್ಕೆ ಬಂದಿಳಿದಿದ್ದ ಬ್ರಿಟಿಷ್ ಸೈನ್ಯ 1798ರಲ್ಲಿ ಅಲ್ಲಿಂದ ಹೊರಟಿತು. ತೂಸಾಂನ ಯುದ್ಧ ಒಂದು ಕಾರಣ. ಹಳದಿ ಜ್ವರ ಇನ್ನೊಂದು ಕಾರಣ. ಸಾವಿರಾರು ಬ್ರಿಟಿಷ್ ಸೈನಿಕರು ಅಲ್ಲೇ ಮಣ್ಣಾದರು. ದಕ್ಷಿಣದಲ್ಲಿ ರಿಗೋ ಎಂಬ ಮಿಶ್ರ ವರ್ಣದ ಸೇನಾಪತಿಯ ಜೊತೆ ಕಾದಾಡಿ ತೂಸಾಂ ಗೆದ್ದ. ಬಹಳ ರಕ್ತ ಹರಿದ ಅಂತರ್ಯುದ್ಧ ಅದು. 1801ರಲ್ಲಿ ದ್ವೀಪದ ಸ್ಪ್ಯಾನಿಷ್ ಭಾಗವನ್ನೂ ಹಿಡಿದ. ಅದೇ ವರ್ಷ ಸಂವಿಧಾನ ಪ್ರಕಟಿಸಿದ. ಗುಲಾಮಗಿರಿ ಎಂದೆಂದಿಗೂ ಇಲ್ಲ ಎಂದು ಅದು ಸಾರಿತು. ತೂಸಾಂ ಆಜೀವ ಗವರ್ನರ್ ಎಂದೂ ಅದರಲ್ಲೇ ಬರೆದಿತ್ತು.

ಇಲ್ಲಿ ನಾವು ಕಣ್ಣು ಮುಚ್ಚಿಕೊಳ್ಳಬಾರದು. ಬಿಡುಗಡೆಯಾದ ಜನರಿಗೆ ಸ್ವಂತಕ್ಕೊಂದು ತುಂಡು ನೆಲ ಬೇಕಿತ್ತು. ತೂಸಾಂಗೆ ಬೊಕ್ಕಸ ತುಂಬಬೇಕಿತ್ತು, ಬಂದೂಕು ಕೊಳ್ಳಬೇಕಿತ್ತು. ಅದಕ್ಕೆ ಸಕ್ಕರೆ ಬೇಕು, ಕಾಫಿ ಬೇಕು. ಹಾಗಾಗಿ ಜನ ಹಳೆಯ ತೋಟಗಳನ್ನು ಬಿಟ್ಟು ಹೋಗಬಾರದು ಎಂದು ಕಟ್ಟಳೆ ಮಾಡಿದ. ಕೂಲಿ ಇತ್ತು, ಚಾಟಿ ಇರಲಿಲ್ಲ. ಆದರೆ ತೋಟ ಬಿಡುವ ಸ್ವಾತಂತ್ರ್ಯವೂ ಇರಲಿಲ್ಲ. ಇದರ ವಿರುದ್ಧ ಜನ ಎದ್ದರು. ತೂಸಾಂ ಮಗನಂತೆ ಕಾಣುತ್ತಿದ್ದ ಸೋದರ ಸಂಬಂಧಿ ಮೊಯೀಸ್ ಆ ಜನರ ಕಡೆ ಇದ್ದ. ತೂಸಾಂ ಅವನಿಗೆ ಮರಣದಂಡನೆ ವಿಧಿಸಿದ. ಒಬ್ಬ ದೊಡ್ಡ ನಾಯಕ ತನ್ನ ಜನರಿಂದ ದೂರ ಸರಿಯುವುದು ಹೇಗೆ ಎಂಬ ಪಾಠ ಇಲ್ಲಿದೆ. ಅವನ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ಅವನ ತೀರ್ಮಾನವನ್ನು ನಾನು ಒಪ್ಪಲಾರೆ.

ಇಷ್ಟರಲ್ಲಿ ಫ್ರಾನ್ಸಿನಲ್ಲಿ ನೆಪೋಲಿಯನ್ ಅಧಿಕಾರಕ್ಕೆ ಬಂದಿದ್ದ. ಈ ನೆಪೋಲಿಯನ್ ಮೈಸೂರಿನ ಚರಿತ್ರೆಗೆ ಹೊಸಬನಲ್ಲ. ಬ್ರಿಟಿಷರ ವಿರುದ್ಧ ಫ್ರೆಂಚರ ನೆರವು ಬಯಸಿದ್ದ ಟಿಪ್ಪು ಸುಲ್ತಾನ 1787ರಲ್ಲೇ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳಿಸಿದ್ದ. 1799ರ ಜನವರಿಯಲ್ಲಿ ಈಜಿಪ್ಟಿನಿಂದ ನೆಪೋಲಿಯನ್ ಟಿಪ್ಪುವಿಗೆ ಪತ್ರ ಬರೆದ. ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು. ಆ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅದೇ ವರ್ಷ ಭೂಮಿಯ ಇನ್ನೊಂದು ಮಗ್ಗುಲಲ್ಲಿ ತೂಸಾಂ ತನ್ನ ದ್ವೀಪವನ್ನು ಒಗ್ಗೂಡಿಸುತ್ತಿದ್ದ. ನಾವು ಬೇರೆ ಬೇರೆ ಪಾಠಗಳಲ್ಲಿ ಓದುವ ಈ ಇಬ್ಬರು ಒಂದೇ ಕಾಲದವರು. ಟಿಪ್ಪು ನೆಪೋಲಿಯನ್ನನ ನೆರವಿಗೆ ಕಾದ. ತೂಸಾಂನ ಮೇಲೆ ಅದೇ ನೆಪೋಲಿಯನ್ ಹಡಗುಪಡೆ ಕಳಿಸಿದ.

1801ರಲ್ಲಿ ಬ್ರಿಟನ್ನಿನ ಜೊತೆ ಕದನವಿರಾಮವಾಯಿತು. ಸಮುದ್ರದ ದಾರಿ ತೆರೆಯಿತು. ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೆರ್‌ನನ್ನು 20 ಸಾವಿರಕ್ಕೂ ಹೆಚ್ಚು ಸೈನಿಕರ ಜೊತೆ ಕಳಿಸಿದ. ಫ್ರಾನ್ಸಿನಲ್ಲಿ ಓದುತ್ತಿದ್ದ ತೂಸಾಂನ ಇಬ್ಬರು ಗಂಡುಮಕ್ಕಳನ್ನೂ ಹಡಗಿನಲ್ಲಿ ಕಳಿಸಿದ, ಕೈಗೊಂದು ಪತ್ರ ಕೊಟ್ಟು. ತಂದೆ ಮಕ್ಕಳಿಗೆ ಆಯ್ಕೆಯನ್ನು ಬಿಟ್ಟುಕೊಟ್ಟ. ಒಬ್ಬ ಫ್ರಾನ್ಸಿನ ಪಕ್ಷ ಎಂದ. ಇನ್ನೊಬ್ಬ ತಂದೆಯ ಪಕ್ಕದಲ್ಲಿ ನಿಂತ.

1802ರ ಆರಂಭದಲ್ಲಿ ಯುದ್ಧ ಶುರುವಾಯಿತು. ಕ್ರಿಸ್ತೋಫ್ ತನ್ನದೇ ನಗರ ಲೆ ಕಾಪ್‌ಗೆ ಬೆಂಕಿಯಿಟ್ಟು ಬೆಟ್ಟ ಹತ್ತಿದ. ಮೇ ತಿಂಗಳಲ್ಲಿ ತೂಸಾಂ ಸಂಧಿಗೆ ಒಪ್ಪಿದ. ಜೂನ್‌ನಲ್ಲಿ ಮಾತುಕತೆಗೆಂದು ಕರೆದು ಅವನನ್ನು ಸೆರೆಹಿಡಿದರು. ಹಡಗಿಗೆ ಹತ್ತಿಸಿ ಫ್ರಾನ್ಸಿಗೆ ಒಯ್ದರು. ಜೂರಾ ಬೆಟ್ಟಸಾಲಿನ ಫೋರ್ ದ ಜೂ ಎಂಬ ಕೋಟೆಯಲ್ಲಿ ಕೂಡಿಹಾಕಿದರು. ವರ್ಷವಿಡೀ ಬಿಸಿಲು ಕಂಡು ಬೆಳೆದ ಮನುಷ್ಯನಿಗೆ ಹಿಮದ ಕೋಟೆಯ ಕಲ್ಲಿನ ಕೋಣೆ. ಸೌದೆ ಕಡಿಮೆ, ಅನ್ನ ಕಡಿಮೆ. ವಿಚಾರಣೆ ನಡೆಯಲೇ ಇಲ್ಲ. 1803ರ ಏಪ್ರಿಲ್ 7ರಂದು ಅವನು ಅಲ್ಲಿಯೇ ತೀರಿಕೊಂಡ.

ಇಲ್ಲಿ ಇನ್ನೊಂದು ಮಾತು ಮನಸ್ಸಿಗೆ ಬರಲಿ. ಹೈಟಿಯ ಸ್ವಾತಂತ್ರ್ಯವನ್ನು ತೂಸಾಂ ಘೋಷಿಸಲಿಲ್ಲ. ಅದನ್ನು ನೋಡಲು ಅವನು ಬದುಕಿರಲಿಲ್ಲ. ಫ್ರೆಂಚರು ಗುಲಾಮಗಿರಿಯನ್ನು ಮತ್ತೆ ತರುತ್ತಾರೆಂಬುದು ಗ್ವಾದಲೂಪ್ ದ್ವೀಪದಿಂದ ಬಂದ ಸುದ್ದಿಯಿಂದ ಖಚಿತವಾಯಿತು. ಜನ ಮತ್ತೆ ಎದ್ದರು. ಹಳದಿ ಜ್ವರಕ್ಕೆ ಲೆಕ್ಲೆರ್ ಬಲಿಯಾದ. 1803ರ ನವೆಂಬರ್ 18ರಂದು ವೆರ್ತಿಯೇರ್ ಎಂಬಲ್ಲಿ ದೆಸಾಲಿನ್‌ನ ಸೈನ್ಯ ಫ್ರೆಂಚರನ್ನು ಸೋಲಿಸಿತು. 1804ರ ಜನವರಿ 1ರಂದು ಗೊನಾಯೀವ್ ನಗರದಲ್ಲಿ ದೆಸಾಲಿನ್ ಸ್ವಾತಂತ್ರ್ಯವನ್ನು ಸಾರಿದ. ದೇಶಕ್ಕೆ ಟೈನೋ ಜನರ ಹಳೆಯ ಹೆಸರನ್ನೇ ಇಟ್ಟರು, ಹೈಟಿ. ಗುಲಾಮರೇ ದಂಗೆಯೆದ್ದು, ಗೆದ್ದು, ಕಟ್ಟಿದ ದೇಶ ಜಗತ್ತಿನಲ್ಲಿ ಅದೊಂದೇ. ಸೇಂಟ್ ಹೆಲೀನಾ ದ್ವೀಪದಲ್ಲಿ ಸೆರೆಯಾಳಾಗಿದ್ದಾಗ ನೆಪೋಲಿಯನ್ ಆ ದಂಡಯಾತ್ರೆಯನ್ನು ತನ್ನ ತಪ್ಪು ಎಂದು ಒಪ್ಪಿಕೊಂಡ.

ಈ ಗೆಲುವಿನ ಫಲ ಬೇರೆಯವರಿಗೂ ಸಿಕ್ಕಿತು. ಸಾಂ ದೊಮಾಂಗ್ ಕೈಬಿಟ್ಟು ಹೋಗುತ್ತಿದ್ದಂತೆ ನೆಪೋಲಿಯನ್ನನ ಅಮೆರಿಕದ ಕನಸೂ ಕುಸಿಯಿತು. ಯುರೋಪಿನಲ್ಲಿ ಮತ್ತೆ ಯುದ್ಧ ಬರುವುದರಲ್ಲಿತ್ತು. 1803ರಲ್ಲಿ ಅವನು ಲೂಸಿಯಾನಾ ಎಂಬ ವಿಶಾಲ ಪ್ರದೇಶವನ್ನು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಮಾರಿದ. ಬೆಲೆ 1.5 ಕೋಟಿ ಡಾಲರ್. ಅಂದಿನ ಫ್ರಾಂಕ್ ಲೆಕ್ಕದಲ್ಲಿ ಸುಮಾರು 8 ಕೋಟಿ. ಅಮೆರಿಕದ ವಿಸ್ತೀರ್ಣ ಒಂದೇ ಸಲಕ್ಕೆ ಇಮ್ಮಡಿಯಾಯಿತು.

ನಮ್ಮ ಪ್ರಶ್ನೆಯ ಮೊದಲ ಆಯ್ಕೆ ನೆನಪಿದೆಯೇ? ಸಿಮೋನ್ ಬೊಲಿವಾರ್. ತಪ್ಪು ಉತ್ತರ ಎಂದು ಅವನನ್ನು ಬದಿಗಿಟ್ಟೆವು. ಆದರೆ ಸ್ಪೇನಿನ ವಿರುದ್ಧ ಸೋತು ಬಂದ ಬೊಲಿವಾರ್‌ನಿಗೆ 1816ರಲ್ಲಿ ಹಡಗು, ಬಂದೂಕು, ಮದ್ದು ಕೊಟ್ಟು ಕಳಿಸಿದ್ದು ಹೈಟಿಯ ಅಧ್ಯಕ್ಷ ಪೆತಿಯೋಂ. ಅವನು ಕೇಳಿದ್ದು ಒಂದೇ ವಚನ. ಗೆದ್ದ ನಾಡಿನಲ್ಲಿ ಗುಲಾಮರನ್ನು ಬಿಡುಗಡೆ ಮಾಡಬೇಕು. ರಸಪ್ರಶ್ನೆಯ ತಪ್ಪು ಆಯ್ಕೆಗಳನ್ನೂ ಕುತೂಹಲದಿಂದ ನೋಡಿ. ಅವುಗಳ ನಡುವೆ ಎಷ್ಟೋ ಸಲ ನಂಟಿರುತ್ತದೆ.

ನಾಲ್ಕು ಪ್ರಶ್ನೆಗಳಾದವು. ಎಲ್ಲಿ, ಏಕೆ, ಯಾರ ಜೊತೆ, ಮುಂದೇನಾಯಿತು. ನಾಯಕ ಸೆರೆಯಲ್ಲಿ ಸತ್ತ, ಜನ ಗೆದ್ದರು, ದೇಶ ಹುಟ್ಟಿತು. ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ. ಆದ್ದರಿಂದ ಐದನೆಯ ಪ್ರಶ್ನೆ. ಬೆಲೆ ತೆತ್ತವರು ಯಾರು?

ಸ್ವಾತಂತ್ರ್ಯ ಪಡೆದ ಹೈಟಿಗೆ ಜಗತ್ತು ಬಾಗಿಲು ತೆರೆಯಲಿಲ್ಲ. ಅದರ ಗೆಲುವಿನಿಂದ ಇಮ್ಮಡಿಯಾಗಿ ಬೆಳೆದ ಅಮೆರಿಕ ಕೂಡ 1862ರವರೆಗೆ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಅಲ್ಲಿನ ದಕ್ಷಿಣದ ಗುಲಾಮಮಾಲೀಕರಿಗೆ ಹೈಟಿ ಎಂದರೆ ಭಯ. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳಿಸಿದ. ಮಾನ್ಯತೆ ಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಎಂದ. ಏತಕ್ಕೆ? ತೋಟ ಕಳೆದುಕೊಂಡ ಹಳೆಯ ಮಾಲೀಕರಿಗೆ ಪರಿಹಾರವಾಗಿ. ಲೂಸಿಯಾನಾದ ಬೆಲೆಯನ್ನು ಈಗಷ್ಟೇ ಹೇಳಿದೆ. ಆ ಮಹಾಪ್ರದೇಶಕ್ಕೆ ಸಿಕ್ಕಿದ್ದು ಸುಮಾರು 8 ಕೋಟಿ ಫ್ರಾಂಕ್. ಈ ಸಣ್ಣ ದೇಶದಿಂದ ಕೇಳಿದ್ದು ಅದರ ಹೆಚ್ಚುಕಡಿಮೆ ಎರಡರಷ್ಟು.

ಹೈಟಿಯ ಬಳಿ ಅಷ್ಟು ಹಣವೆಲ್ಲಿತ್ತು? ಮೊದಲ ಕಂತು ಕಟ್ಟಲು ಫ್ರೆಂಚ್ ಲೇವಾದೇವಿಗಾರರಿಂದಲೇ ಸಾಲ ಎತ್ತಬೇಕಾಯಿತು. ಫ್ರಾನ್ಸಿಗೆ ಕೊಡಲು ಫ್ರಾನ್ಸಿನಿಂದಲೇ ಸಾಲ, ಅದರ ಮೇಲೆ ಬಡ್ಡಿ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಕಂತು ಕಟ್ಟಲು ಕಾಫಿ ಬೆಳೆದ ರೈತನ ಮೇಲೆ ತೆರಿಗೆ ಬಿತ್ತು. ಶಾಲೆಗೆ, ರಸ್ತೆಗೆ, ಆಸ್ಪತ್ರೆಗೆ ಹೋಗಬೇಕಾದ ಹಣ ಸಮುದ್ರ ದಾಟಿತು. ಈ ಸಾಲದ ಬೆನ್ನು ಹತ್ತಿ ಬಂದ ಸಾಲಗಳೆಲ್ಲ ತೀರುವ ಹೊತ್ತಿಗೆ 1947 ಬಂದಿತ್ತು. ನಮ್ಮ ದೇಶ ಸ್ವತಂತ್ರವಾದ ವರ್ಷ ಅದು.

ಹೈಟಿಯ ಕಥೆ ಒಂಟಿಯಲ್ಲ. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದತಿಯ ಕಾನೂನು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಹಣ ಹೋದದ್ದು ಮಾಲೀಕರಿಗೆ. ದುಡಿದ ಗುಲಾಮರಿಗೆ ಒಂದು ಕಾಸೂ ಸಿಗಲಿಲ್ಲ. ಇಂದು ಹೈಟಿಯ ಬಡತನದ ಸುದ್ದಿ ಬಂದಾಗ ಅಯ್ಯೋ ಪಾಪ ಎನ್ನುತ್ತೇವೆ. ಆ ಬಡತನಕ್ಕೆ ಕಾರಣ ಒಂದಲ್ಲ, ಹಲವು. ಕೆಟ್ಟ ಆಳ್ವಿಕೆಯಿದೆ, ಹೊರಗಿನವರ ಹಸ್ತಕ್ಷೇಪವಿದೆ, ಭೂಕಂಪವಿದೆ. ಆದರೆ ಸ್ವಾತಂತ್ರ್ಯದ ಬೆಲೆಯನ್ನು ಬಿಡುಗಡೆಯಾದವರಿಂದಲೇ ವಸೂಲಿ ಮಾಡಿದ ಲೆಕ್ಕವನ್ನು ಆ ಪಟ್ಟಿಯಿಂದ ಬಿಡಲಾಗದು. ಅದು ಅನ್ಯಾಯ. ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು.

ಕೇಳುಗರೇ, ನನ್ನ ವೇಳೆ ಮುಗಿಯುತ್ತಾ ಬಂದಿದೆ. ಒಂದೇ ಹೆಸರಿನಿಂದ ಶುರು ಮಾಡಿದೆವು. ಸಕ್ಕರೆಯ ಗಾಣ ಕಂಡೆವು. ಕೋರಮಂಡಲದ ಬಟ್ಟೆ ಕಂಡೆವು. ಪ್ಯಾರಿಸಿನ ಸಭೆ, ಶ್ರೀರಂಗಪಟ್ಟಣದ ಕೋಟೆ, ಬೊಲಿವಾರ್‌ನ ಹಡಗು, 15 ಕೋಟಿ ಫ್ರಾಂಕಿನ ಹೊರೆ ಎಲ್ಲವನ್ನೂ ಕಂಡೆವು. ತೂಸಾಂ ಲೂವರ್ತ್ಯೂರ್ ಎಂಬ ಉತ್ತರಕ್ಕೆ ಒಂದು ಅಂಕ. ಅದರ ಹಿಂದಿರುವ ಈ ಚರಿತ್ರೆಗೆ ಯಾವ ಪರೀಕ್ಷೆಯಲ್ಲೂ ಅಂಕ ಇಲ್ಲದಿರಬಹುದು. ಆದರೆ ಜಗತ್ತನ್ನು ಅರ್ಥ ಮಾಡಿಕೊಳ್ಳಲು ಬೇಕಾದದ್ದು ಅದೇ.

ಆದ್ದರಿಂದ ಮೂರು ಬಿನ್ನಹಗಳು.

ರಸಪ್ರಶ್ನೆ ತಯಾರಿಸುವ ಶಿಕ್ಷಕರಲ್ಲಿ, ಪತ್ರಿಕೆಯವರಲ್ಲಿ ಮೊದಲ ಬಿನ್ನಹ. ವಾರದಲ್ಲಿ ಒಂದು ದಿನವಾದರೂ ಯಾರು, ಯಾವಾಗ ಎಂಬುದನ್ನು ಬಿಟ್ಟು ಏಕೆ ಎಂದು ಕೇಳಿ. ಉತ್ತರದ ಕೆಳಗೆ ಎರಡು ಸಾಲಿನ ವಿವರಣೆ ಕೊಡಿ.

ಪರೀಕ್ಷೆಗೆ ಓದುವ ತರುಣರಲ್ಲಿ ಎರಡನೆಯ ಬಿನ್ನಹ. ದಿನಕ್ಕೆ ಐವತ್ತು ಪ್ರಶ್ನೆ ಬಾಯಿಪಾಠ ಮಾಡಿ, ಬೇಡವೆನ್ನುವುದಿಲ್ಲ. ಆ ಐವತ್ತರಲ್ಲಿ ಒಂದನ್ನು ಆರಿಸಿ. ಅದಕ್ಕೆ ಎಲ್ಲಿ, ಏಕೆ, ಯಾರ ಜೊತೆ, ಮುಂದೇನು, ಬೆಲೆ ತೆತ್ತವರು ಯಾರು ಎಂಬ ಐದು ಪ್ರಶ್ನೆ ಹಾಕಿ. ಊರಿನ ಗ್ರಂಥಾಲಯದಲ್ಲಿ ಉತ್ತರ ಹುಡುಕಿ. ಹಾಗೆ ತಿಳಿದದ್ದು ಮರೆಯುವುದಿಲ್ಲ.

ತಂದೆತಾಯಿಗಳಲ್ಲಿ ಮೂರನೆಯ ಬಿನ್ನಹ. ಮಗು ಸರಿಯುತ್ತರ ಹೇಳಿದಾಗ ಭೇಷ್ ಎನ್ನಿ. ಕೂಡಲೇ, ಅದು ಹೇಗಾಯಿತು ಮಗಾ ಎಂದು ಕೇಳಿ. ಮಗುವಿಗೆ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ.

ಪ್ರತಿವರ್ಷ ಆಗಸ್ಟ್ 23ನ್ನು ಯುನೆಸ್ಕೊ ಗುಲಾಮರ ವ್ಯಾಪಾರ ಮತ್ತು ಅದರ ರದ್ದತಿಯ ಸ್ಮರಣೆಯ ಅಂತರರಾಷ್ಟ್ರೀಯ ದಿನವಾಗಿ ಆಚರಿಸುತ್ತದೆ. ಸಾಂ ದೊಮಾಂಗಿನ ದಂಗೆ ಎದ್ದ ರಾತ್ರಿಯನ್ನು ನೆನೆದೇ ಆ ದಿನವನ್ನು ಆರಿಸಿದ್ದಾರೆ. ಆ ಬೆಳಿಗ್ಗೆ ನಿಮ್ಮ ಶಾಲೆಯ ಕರಿಹಲಗೆಯ ಮೇಲೆ ಈ ಪ್ರಶ್ನೆ ಬರೆಯಿರಿ: ಹೈಟಿಯ ಜನ ತಮ್ಮ ಸ್ವಾತಂತ್ರ್ಯಕ್ಕಾಗಿ ಹಣ ಕಟ್ಟಿದ್ದು ಯಾರಿಗೆ, ಮತ್ತು ಏಕೆ? ಮಕ್ಕಳು ಉತ್ತರ ಹುಡುಕಲಿ.